ಡ್ರೈಯರಿಗೆ ಹಾಕಿದ ಕುರ್ಚಿ

ಕೊಪ್ಪದ ಮರಗೆಲಸ ತರಬೇತಿ ಕೇಂದ್ರದ ಬಾಗಿಲಲ್ಲಿ ವೀರೇಶ ಚಪ್ಪಲಿ ಬಿಡುತ್ತಿರುವುದನ್ನು ಕಂಡ ತಾಹೇರಾಳಿಗೆ, ಕೈಯಲ್ಲಿದ್ದ ಕಬ್ಬಿಣದ ಕ್ಲಾಂಪನ್ನು ಬೀಸಿ ಅವನ ಹಣೆಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ ಬಿಡಿ. ಕ್ಲಾಂಪು ಕೇಂದ್ರದ್ದು, ಅದೂ ಹೊಸದು.

"ಬಂದೆ ನೋಡು ಮಾರಾಯ್ತಿ, ನಿನ್ನ ಶಿಷ್ಯ ಆಗಕ್ಕೆ" ಎಂದು ವೀರೇಶ ಹಲ್ಲು ಕಿರಿದ. ಅವನ ಹಿಂದೆ ಅವನ ಅಂಗಡಿಯ ಕೆಲಸದಾಳು ಐತ, ನರೆತ ಗಡ್ಡದವನು, ಎರಡು ಊಟದ ಡಬ್ಬಿ ಹಿಡಿದು ನಿಂತಿದ್ದ. "ಹಳೇದೆಲ್ಲ ಮರ್ತ್ಬಿಡಣ. ಆದದ್ದು ಆಗಿ ಹೋಯ್ತು."

ಮರೆಯುವ ಮಾತು ಯಾವಾಗಲೂ ಹೊಡೆದವನ ಬಾಯಿಂದಲೇ ಮೊದಲು ಬರುತ್ತದೆ. ತಾಹೇರಾ "ಕೂತ್ಕಳಿ ವೀರೇಶಣ್ಣ" ಎಂದಳು. ಕ್ಲಾಂಪನ್ನು ಬೆಂಚಿನ ಮೇಲಿಟ್ಟಳು.

ವೀರೇಶ ಕೊಪ್ಪದಲ್ಲಿ ಫರ್ನಿಚರ್ ಅಂಗಡಿ ಇಟ್ಟವನು. ಹೋದ ವರ್ಷದವರೆಗೆ ಆ ಅಂಗಡಿಯಲ್ಲಿ 'ಬಾಗು ಕುರ್ಚಿ' ಎಂದು ಮಾರಾಟವಾಗುತ್ತಿದ್ದವನ್ನೆಲ್ಲ ನರಸಿಂಹರಾಜಪುರದ ತನ್ನ ಮನೆಯ ಹಿಂದಿನ ಚಪ್ಪರದಲ್ಲಿ ಮಾಡಿ ಕೊಡುತ್ತಿದ್ದವನು ತಾಹೇರಾಳ ಗಂಡ ಅನ್ವರ್. ಕಾಫಿ ತೋಟದ ಸಿಲ್ವರ್ ಓಕ್ ಮರವನ್ನು ತೆಳ್ಳೇವು ದೋಸೆಯಷ್ಟು ತೆಳ್ಳಗೆ ಪಟ್ಟಿಗಳಾಗಿ ಸೀಳುವುದು, ಒಂದರ ಮೇಲೊಂದು ಗಮ್ ಹಚ್ಚಿ ಪೇರಿಸುವುದು, ಇಡೀ ಪೇರನ್ನು ಅಚ್ಚಿನ ಮೇಲೆ ಬಗ್ಗಿಸಿ ಕ್ಲಾಂಪ್ ಬಿಗಿಯುವುದು. ಗಮ್ ಒಣಗಿದ ಮೇಲೆ ಬಿಚ್ಚಿದರೆ ಪಟ್ಟಿಗಳೆಲ್ಲ ಒಂದೇ ಮರವಾಗಿ, ಅಚ್ಚಿನ ಬಾಗನ್ನೇ ಹಿಡಿದು ನಿಂತಿರುತ್ತವೆ. ಅನ್ವರನ ಕುರ್ಚಿಗೆ ಹಿಂಗಾಲೇ ಇರುತ್ತಿರಲಿಲ್ಲ. ನೆಲದ ಮೇಲೆ ಮಲಗಿದ ಪಾದ ಮುಂದೆ ಹೋಗಿ, ಮೇಲೆದ್ದು, ಹಿಂದಕ್ಕೆ ತಿರುಗಿ ಕೈ ಇಡುವ ತೋಳಾಗುತ್ತಿತ್ತು, ಎಲ್ಲ ಒಂದೇ ಬಾಗಿನಲ್ಲಿ. ಕೂತರೆ ಸ್ವಲ್ಪ ತೊನೆಯುತ್ತಿತ್ತು. ಒಮ್ಮೆ ಕೂತವರು ಏಳುವುದಕ್ಕೆ ಸೋಮಾರಿತನ ಮಾಡುತ್ತಿದ್ದರು. ಗಮ್ ಹಚ್ಚುವ ಕೆಲಸ ಪೂರ್ತಿ ತಾಹೇರಾಳದ್ದು.

ಶೃಂಗೇರಿಯಲ್ಲಿ ರಂಗಪ್ಪ ಎಂಬ ಅಡಿಕೆ ಬೆಳೆಗಾರರು ಯಾತ್ರಿಕರಿಗೆಂದು ಲಾಡ್ಜ್ ಕಟ್ಟಿಸಿದರು. ಅದರ ಜಗಲಿಗೆ ಬಾಗು ಕುರ್ಚಿಗಳನ್ನು ಪೂರೈಸಲು ವೀರೇಶ ಒಪ್ಪಿಕೊಂಡ, ಅನ್ವರ್ ಮಾಡಿದ. ಪಾಲಿಶ್ ಮಾಡಿ ಸಾಗಿಸಿದ್ದು ವೀರೇಶ. ಲಾಡ್ಜಿನ ಪ್ರವೇಶದ ದಿನ, ನೂರಾರು ಜನ ಎಲೆ ಹಾಕಿಸಿಕೊಳ್ಳಲು ಕಾಯುತ್ತಿದ್ದಾಗ ರಂಗಪ್ಪನವರು ಹೆಮ್ಮೆಯಿಂದ ಒಂದರಲ್ಲಿ ಕೂತರು. ಕುರ್ಚಿಯ ಪದರಗಳು ಬಿಟ್ಟುಕೊಂಡವು. ಅವರು ಹಿಂದಕ್ಕೆ ಬಿದ್ದರು, ಸೊಂಟದ ಮೂಳೆ ಮುರಿಯಿತು.

ಆಗ ವೀರೇಶ, ತನ್ನ ಪಕ್ಕದಲ್ಲೇ ಶರಟಿನ ತೋಳು ಮಡಚಿಕೊಂಡು ನಿಂತಿದ್ದ ಅನ್ವರನ ಕಡೆ ಬೆರಳು ಮಾಡಿ, ಅಷ್ಟೂ ಜನರೆದುರು ಕೂಗಿದ: "ಈ ಕಳ್ಳ ಗಮ್ಮಿಗೆ ನೀರು ಬೆರೆಸಿದಾನೆ!" ಅನ್ವರ್ ಮುರಿದ ಕುರ್ಚಿಯನ್ನು ಮುಟ್ಟಿ ನೋಡುವ ಮೊದಲೇ ವೀರೇಶ ಅದನ್ನೂ ಉಳಿದವನ್ನೂ ಲಾಡ್ಜಿನ ನೀರೊಲೆಗೆ ಹಾಕಿಸಿದ, ತನಗೆಷ್ಟು ಸಿಟ್ಟು ಬಂದಿದೆಯೆಂದು ರಂಗಪ್ಪನವರ ಮನೆಯವರಿಗೆ ತೋರಿಸುವುದಕ್ಕೆ.

ಅನ್ವರನಿಗೆ ಅಂದಿನಿಂದ ಹೆಸರೇ ಬದಲಾಯಿತು. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಎಲ್ಲರ ಬಾಯಲ್ಲೂ ಅವನು 'ನೀರ್‌ಗಮ್ ಅನ್ವರ್' ಆದ. ಕೆಲಸ ಕೊಡುವವರಿಲ್ಲದೆ ಊರಿನ ಪೆಟ್ರೋಲ್ ಬಂಕಿಗೆ ಸೇರಿದ. ಅಲ್ಲಿಯೂ ಸ್ಕೂಟರ್ ನಿಲ್ಲಿಸಿದ ಯಾವನೋ ಒಬ್ಬ ನಗುತ್ತ ಕೇಳುತ್ತಿದ್ದ: "ಇದಕ್ಕೂ ನೀರು ಬೆರೆಸ್ತೀಯನಾ ಮಾರಾಯ?" ಅನ್ವರನೂ ನಗುತ್ತಿದ್ದ. ಆ ನಗುವನ್ನು ತಾಹೇರಾಳಿಗೆ ನೋಡಲಾಗುತ್ತಿರಲಿಲ್ಲ. ಗಮ್ಮು ಹಚ್ಚಿದ್ದು ಅವಳು. ನೀರಿನ ಹನಿಯೂ ಅದರ ಹತ್ತಿರ ಸುಳಿದಿರಲಿಲ್ಲ ಎಂದು ಅವಳಿಗೆ ತನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು. ಮತ್ತೆ ಕುರ್ಚಿ ಯಾಕೆ ಬಿಟ್ಟುಕೊಂಡಿತು ಎಂಬುದು ಮಾತ್ರ ಗೊತ್ತಿರಲಿಲ್ಲ.

ತರಬೇತಿ ಕೇಂದ್ರದವರಿಗೆ ಬಾಗು ಮರದ ಕೆಲಸ ಕಲಿಸುವವರು ಬೇಕಾಗಿದ್ದರು. ಅನ್ವರನನ್ನು ಕರೆಯುವ ಧೈರ್ಯ ಅವರಿಗಿರಲಿಲ್ಲ. ತಾಹೇರಾ ತಾನೇ ಹೋಗಿ, ಅವರೆದುರೇ ಒಂದು ಬಾಗು ಮಾಡಿ ತೋರಿಸಿ ಕೆಲಸ ಹಿಡಿದಳು. ಈಗ ರಂಗಪ್ಪನವರ ಲಾಡ್ಜಿಗೆ ಇನ್ನೊಂದು ಅಂತಸ್ತು ಎದ್ದಿದೆ, ಅವರಿಗೆ ಬಾಗು ಕುರ್ಚಿಯ ಆಸೆ ಇನ್ನೂ ಹೋಗಿಲ್ಲ, ಮಾಡಿ ಕೊಡುತ್ತೇನೆಂದು ವೀರೇಶ ಮಾತು ಕೊಟ್ಟಾಗಿದೆ, ಬಗ್ಗಿಸಲು ಬರುವವರು ಯಾರೂ ಅವನಿಗೆ ಸಿಕ್ಕಿಲ್ಲ. ಹಾಗಾಗಿ ನಾಚಿಕೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬಂದಿದ್ದಾನೆ.

ಆ ಸಂಜೆ ಅವಳು ಮನೆಯಲ್ಲಿ ಕುದಿಯುತ್ತ ಎಲ್ಲ ಹೇಳಿದಳು. ಅನ್ವರ್ ಕೈಯ ಡೀಸೆಲ್ ವಾಸನೆ ಹೋಗಲೆಂದು ಸೋಪು ತಿಕ್ಕುತ್ತಿದ್ದ.

"ಬಿಟ್ಟಾಕು" ಎಂದ. "ಕಲೀಲಿ. ನಮಗೇನು?"

"ನಿಮಗೆ ಸಿಟ್ಟೇ ಬರಲ್ವಾ?"

"ಸಿಟ್ಟು ಮಾಡಿ ಎಂತ ಮಾಡದು? ಬಿಟ್ಟಾಕು."

ಅವಳಿಗೆ ವೀರೇಶನಿಗಿಂತ ಗಂಡನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಇಂಥ ಮೆತ್ತನೆಯ ಮನುಷ್ಯನನ್ನು ಕಟ್ಟಿಕೊಂಡ ಮೇಲೆ ಹಲ್ಲು ಕಡಿಯುವ ಕೆಲಸವನ್ನೂ ತಾನೇ ಮಾಡಬೇಕು ಎಂದುಕೊಂಡಳು.

ಕಲಿಸುವವಳ ಕೈಯಲ್ಲಿ ಸೇಡಿಗೆ ದಾರಿ ಬೇಕಾದಷ್ಟಿತ್ತು. ಬಾಗಿಸಿದ ಮರವನ್ನು ಅಚ್ಚಿನಿಂದ ಬಿಚ್ಚಿದ ಕೂಡಲೇ ಅದು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಅಚ್ಚಿನ ಬಾಗು ಬೇಕಾದ್ದಕ್ಕಿಂತ ಬಿಗಿಯಾಗಿರಬೇಕು. ಇದೊಂದನ್ನು ಹೇಳದೆ ಬಿಟ್ಟರೆ ಸಾಕು, ವೀರೇಶನ ಕುರ್ಚಿಗಳೆಲ್ಲ ಆಕಳಿಸುತ್ತ ಕೂರುತ್ತವೆ. ಸೀಳಿದ ಪಟ್ಟಿಗಳನ್ನು ಸೀಳಿದ ಸಾಲಿನಲ್ಲೇ ಪೇರಿಸಬೇಕೆಂಬುದನ್ನು ಮುಚ್ಚಿಟ್ಟರೂ ಸಾಕು. ಆದರೆ ತರಗತಿಯಲ್ಲಿ ಅವನೊಬ್ಬನೇ ಇರಲಿಲ್ಲ. ಮುಂದಿನ ಬೆಂಚಿನಲ್ಲಿ ನೆಮ್ಮಾರಿನ ಕಮಲಕ್ಕ ಕೂರುತ್ತಿದ್ದರು. ಗಂಡನ ಮರಗೆಲಸದ ಸಾಮಾನುಗಳು ತುಕ್ಕು ಹಿಡಿಯುವುದನ್ನು ನೋಡಲಾರದೆ ಕಲಿಯಲು ಬಂದ ಐವತ್ತರ ಹೆಂಗಸು. ಕಣ್ಣು ಕಿರಿದು ಮಾಡಿಕೊಂಡು ತಾಹೇರಾಳ ಪ್ರತಿಯೊಂದು ಮಾತನ್ನೂ ಹಿಡಿಯುತ್ತಿದ್ದರು. ಅವರಿಗೆ ಸುಳ್ಳು ಕಲಿಸಲು ತಾಹೇರಾಳಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಎಲ್ಲರಿಗೂ ಸರಿಯಾಗಿಯೇ ಕಲಿಸಿದಳು, ಕಲಿಸುತ್ತ ಒಳಗೊಳಗೇ ಉರಿದಳು.

ಸೀಳುವುದನ್ನು ಕಲಿಸಿದಳು. ಪಟ್ಟಿಗಳ ನೆತ್ತಿಗೆ ಪೆನ್ಸಿಲಿನಿಂದ ಓರೆ ಗೆರೆ ಎಳೆದು, ಆ ಗೆರೆ ಕೂಡುವಂತೆ ಪೇರಿಸುವುದನ್ನು ಕಲಿಸಿದಳು. ಗಮ್ ಹಚ್ಚುವ ಮೊದಲು ಒಣ ಪಟ್ಟಿಗಳನ್ನೇ ಅಚ್ಚಿಗೆ ಬಿಗಿದು ನೋಡಿಸಿದಳು. ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಕ್ಲಾಂಪ್ ಹಾಕುತ್ತ ಹೋಗಬೇಕು, ತುದಿಯಿಂದ ಹಾಕಿದರೆ ನಡುವಿನಲ್ಲಿ ಹೊಟ್ಟೆ ಬರುತ್ತದೆ ಎಂದಳು. ಐತ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ವೀರೇಶ ಕೂತಲ್ಲೇ ಫೋನಿನಲ್ಲಿ ಯಾರದೋ ಮಂಚದ ಅಳತೆ ಬರೆಸಿಕೊಳ್ಳುತ್ತಿದ್ದ. ಮಾತು ಮುಗಿದರೆ "ಏ ಐತ, ತಿಳ್ಕಂಡ್ಯನಾ?" ಎನ್ನುತ್ತಿದ್ದ. ಐತ ತಿಳಿದುಕೊಂಡರೆ ತನಗೂ ತಿಳಿದ ಹಾಗೆ ಎಂಬುದು ಅವನ ಲೆಕ್ಕ.

ಒಂದು ಮಧ್ಯಾಹ್ನ ಊಟದ ಹೊತ್ತು. ಹೊರಗೆ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ವೀರೇಶ ಅಂಗಡಿಗೆ ಹೋಗಿದ್ದ. ಐತ ಡಬ್ಬಿ ತೊಳೆಯುತ್ತ ತಾಹೇರಾಳನ್ನು ಕೇಳಿದ: "ಅಕ್ಕ, ಈ ಮಳೇಲಿ ಗಮ್ಮು ಒಣಗದೆ ತಡ ಆಗ್ತದಲ್ಲ?"

"ಆಗ್ತದೆ. ತಾಳ್ಮೆ ಬೇಕು. ಕ್ಲಾಂಪ್ ಬಿಚ್ಚಕ್ಕೆ ಅರ್ಜೆಂಟ್ ಮಾಡಬಾರ್ದು."

"ನಮಗೆ ಆ ರಗಳೆ ಇಲ್ಲ ಬಿಡಿ. ಭಂಡಿಗಡಿ ತೋಟದಾಗೆ ನಮ್ಮ ಧಣಿದು ಅಡಿಕೆ ಡ್ರೈಯರ್ ಇದೆಯಲ್ಲ. ಮಳೆಗಾಲದಾಗೆ ಖಾಲಿ. ಕುರ್ಚಿ ಒಳಗೆ ಇಟ್ಟು ಒಂದು ದಿನ ಬೆಂಕಿ ಹಾಕಿದ್ರೆ ಗರಿ ಗರಿ. ಹ್ವಾದ ಸಲಿ ಅನ್ವರಣ್ಣ ಕೊಟ್ಟಿದ್ನೂ ಅದ್ರಾಗೇ ಹಾಕಿದ್ದು. ಪಾಲಿಶ್ ಒಣಗ್ತಿರ್ಲಿಲ್ಲ ನೋಡಿ."

ತಾಹೇರಾಳ ಕೈ ತುತ್ತಿನ ಮೇಲೆಯೇ ನಿಂತಿತು.

ಮಲೆನಾಡಿನವರಿಗೆ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಲೆಯ ಮೇಲಿನ ಅಟ್ಟಕ್ಕೆ ಮರದ ತುಂಡು ಏರಿಸುತ್ತಾರೆ, ಡ್ರೈಯರಿಗೆ ಕಾಳುಮೆಣಸು ಹಾಕುತ್ತಾರೆ, ಮಕ್ಕಳ ಯೂನಿಫಾರ್ಮ್ ಹಾಕುತ್ತಾರೆ, ನೆನೆದ ಹಾಸಿಗೆಯನ್ನೂ ಹಾಕುತ್ತಾರೆ. ಇಡೀ ಮರದ ಕುರ್ಚಿಯಾದರೆ ತೊಂದರೆಯಿರಲಿಲ್ಲ, ಇನ್ನೂ ಗಟ್ಟಿಯಾಗುತ್ತಿತ್ತು. ಪದರಗಳ ಕುರ್ಚಿ ಬೇರೆ. ಅದನ್ನು ಹಿಡಿದಿಟ್ಟಿರುವುದು ಬಿಳಿ ಗಮ್ಮು, ಡ್ರೈಯರಿನ ಶಾಖಕ್ಕೆ ಅದು ಮೆತ್ತಗಾಗುತ್ತದೆ, ಒಳಗೊಳಗೇ ಪದರಗಳು ಜಾರುತ್ತವೆ. ತಣ್ಣಗಾದ ಮೇಲೆ ಪಾಲಿಶಿನ ಹೊಳಪಿನಡಿ ಏನೂ ಕಾಣುವುದಿಲ್ಲ. ಭಾರ ಬಿದ್ದ ದಿನ ಕಾಣುತ್ತದೆ.

ವೀರೇಶ ತಿಳಿದೂ ತಿಳಿದೂ ಸುಳ್ಳು ಹೇಳಿದ್ದನೇ? ಇಲ್ಲ, ತಿಳಿದಿದ್ದರೆ ಈಗ ಮತ್ತೆ ಅದನ್ನೇ ಮಾಡಲು ಹೊರಡುತ್ತಿರಲಿಲ್ಲ. ಏನೂ ತಿಳಿಯದೆಯೇ, ತಿಳಿದುಕೊಳ್ಳುವ ಗೋಜಿಗೂ ಹೋಗದೆಯೇ, ಎದುರಿಗೆ ಸಿಕ್ಕವನ ಮುಖಕ್ಕೆ ಮಸಿ ಬಳಿದು ಊಟಕ್ಕೆ ಹೋಗಿದ್ದ. ತಾಹೇರಾಳಿಗೆ ಇದು ಸುಳ್ಳಿಗಿಂತ ಹೆಚ್ಚು ಅಸಹ್ಯವೆನಿಸಿತು. ಅವಳು ಎದ್ದು ಹೋಗಿ, ನಲ್ಲಿಯಡಿ ಬಹಳ ಹೊತ್ತು ಕೈ ತೊಳೆದಳು.

ಕೂಗಾಡಿದರೆ ಉಪಯೋಗವಿಲ್ಲ. ಹೊಟ್ಟೆಪಾಡಿಗೆ ಐತ ಇಲ್ಲವೆನ್ನುತ್ತಾನೆ. ಹಳೆಯ ಕುರ್ಚಿಗಳು ಬೂದಿಯಾಗಿ ವರ್ಷವಾಯಿತು. ಸಾಕ್ಷಿಗೆ ಹೊಸ ಕುರ್ಚಿಯೇ ಬೇಕು, ಅದೂ ವೀರೇಶನ ಕೈಯದ್ದೇ ಆಗಬೇಕು ಎಂದು ತೀರ್ಮಾನ ಮಾಡಿದಳು.

ಮರುದಿನ ಗಮ್ಮಿನ ಪಾಠ. ಬಿಸಿಯ ವಿಷಯ ಕಲಿಸದೆ ಬಿಡುವಂತಿಲ್ಲ, ಕಮಲಕ್ಕನ ಮನೆಯಲ್ಲೂ ಅಟ್ಟವಿದೆ. ತಾಹೇರಾ ಕಾದಳು. ವೀರೇಶನ ಫೋನು ಬಡಿದುಕೊಂಡಿತು, ಅವನು ಕಿವಿಗಿಟ್ಟುಕೊಂಡು ಬಾಗಿಲಿಗೆ ಹೋಗಿ, ಬೆನ್ನು ಒಳಗೆ ಮುಖ ಹೊರಗೆ ಮಾಡಿ ನಿಂತ. ಆಗ ಅವಳು "ಐತಣ್ಣ, ಎಲ್ಲರಿಗೂ ಚಾ ತಗಂಬನ್ನಿ" ಎಂದು ಕೆಟಲ್ ಕೊಟ್ಟು ಕಳಿಸಿದಳು. ಅವನು ಕೊಡೆ ಬಿಚ್ಚಿ ರಸ್ತೆ ದಾಟುವುದನ್ನು ಕಿಟಕಿಯಿಂದ ನೋಡಿದಳು. ಆಮೇಲೆ ಹಲಗೆಯ ಮುಂದೆ ನಿಂತು, ಎಂದಿನ ಸ್ವರದಲ್ಲಿಯೇ ಹೇಳಿದಳು: "ಬಿಳಿ ಗಮ್ಮಿಗೆ ಬಿಸಿ ಆಗದಿಲ್ಲ. ಬಾಗಿಸಿದ್ದನ್ನ ಒಲೆ ಹತ್ರ, ಅಟ್ಟದ ಮೇಲೆ, ಅಡಿಕೆ ಡ್ರೈಯರ್ ಒಳಗೆ, ಎಲ್ಲೂ ಇಡಬೇಡಿ. ನೆರಳಲ್ಲಿ ಒಣಗ್ಲಿ."

ಬಾಗಿಲಲ್ಲಿದ್ದವನಿಗೆ ಕೇಳಿಸಬೇಕಾದಷ್ಟು ಗಟ್ಟಿಯಾಗಿಯೇ ಹೇಳಿದ್ದಳು. ಅವನು ತಿರುಗಲಿಲ್ಲ. ಅವಳು ಉಳಿದವರ ಬೆಂಚಿಗೆ ಒಂದೊಂದಾಗಿ ಹೋಗಿ, ಬಗ್ಗಿ, ಅದನ್ನೇ ಇನ್ನೊಮ್ಮೆ ವಿವರಿಸಿ ಬಂದಳು. ವೀರೇಶ ಒಳಗೆ ಬಂದು "ಎಂತ ಹೇಳಿದ್ದು?" ಎಂದು ಕೇಳಿದ.

"ಗಮ್ಮಿನ ವಿಷಯ" ಎಂದಳು.

"ಗಮ್ಮಿನ ವಿಷಯ ನಿಮ್ಮ ಮನೆಯವ್ರು ನನಗೆ ಚೆನ್ನಾಗಿ ಕಲ್ಸಿದಾರೆ ಬಿಡು" ಎಂದು ಅವನು ನಕ್ಕ. ಚಾ ಹಿಡಿದು ಬಂದ ಐತನಿಗೆ ಯಾರೂ ಏನೂ ಹೇಳಲಿಲ್ಲ.

ತಾಹೇರಾ ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳು ನರಸಿಂಹರಾಜಪುರ ಬರುವವರೆಗೂ ತನ್ನಷ್ಟಕ್ಕೆ ನಗುತ್ತಿದ್ದಳು. ಪಕ್ಕದ ಹೆಂಗಸು ಎರಡು ಸಲ ತಿರುಗಿ ನೋಡಿದಳು.

ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ಒಂದು ಕುರ್ಚಿ ಮಾಡಿ ತರಬೇಕಿತ್ತು. ತಾಹೇರಾ ಅದಕ್ಕೊಂದು ನಿಯಮ ಹಾಕಿದಳು: ಮಾಡಿದವರೇ ಅದರಲ್ಲಿ ಮೊದಲು ಕೂರಬೇಕು, ಎಲ್ಲರೆದುರು. ಮತ್ತೆ ಕೇಂದ್ರದವರಿಗೆ ಹೇಳಿ ರಂಗಪ್ಪನವರನ್ನೇ ಅತಿಥಿಯಾಗಿ ಕರೆಸಿದಳು. ವೀರೇಶನಿಗೆ ಖುಷಿಯೋ ಖುಷಿ. ರಂಗಪ್ಪನವರೆದುರು ತನ್ನ ಕುರ್ಚಿ ಮಿಂಚಲಿ ಎಂದು ಐತನನ್ನು ಭಂಡಿಗಡಿಯಲ್ಲಿ ಹಗಲಿಡೀ ದುಡಿಸಿದ.

ಆ ದಿನ ಬಂತು. ಸಭಾಂಗಣದಲ್ಲಿ ಜನ ಸೇರಿದ್ದರು, ಊರಿನ ಮರಗೆಲಸದವರೂ ಇದ್ದರು. ರಂಗಪ್ಪನವರು ಕೋಲೂರಿಕೊಂಡು, ಒಂದು ಕಾಲು ಎಳೆಯುತ್ತ ಬಂದರು. ಕಮಲಕ್ಕ ತಮ್ಮ ಕುರ್ಚಿಯಲ್ಲಿ ಸೆರಗು ಸರಿ ಮಾಡಿಕೊಂಡು ಕೂತರು, ಅದು ಸ್ವಲ್ಪ ತೊನೆದು ಅವರನ್ನು ಹೊತ್ತುಕೊಂಡಿತು. ಜನ ಚಪ್ಪಾಳೆ ಹೊಡೆದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ತಾಹೇರಾಳಿಗೂ ಒಂದು ಕ್ಷಣ ತನ್ನ ಸಿಟ್ಟು ಮರೆತುಹೋಗಿತ್ತು.

ಆಮೇಲೆ ಐತ ವೀರೇಶನ ಕುರ್ಚಿ ತಂದಿಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಾಹೇರಾ ಒಂದೇ ನೋಟಕ್ಕೆ ಕಂಡಳು: ಕೂತವರ ಮೊಣಕಾಲಿನ ಹತ್ತಿರ ಬರುವ ಬಾಗು ಬೆರಳಿನಷ್ಟು ಬಿಚ್ಚಿಕೊಂಡಿದೆ, ಅಂಚಿನಲ್ಲಿ ಪದರಗಳು ಮೆಟ್ಟಿಲು ಮೆಟ್ಟಿಲಾಗಿ ಜಾರಿವೆ. ಅದರ ಮೇಲೆ ದಪ್ಪ ಪಾಲಿಶ್ ಬಳಿದಿದೆ.

"ಆಹಾ, ಇದು ನೋಡಿ ಕುರ್ಚಿ ಅಂದ್ರೆ" ಎಂದರು ರಂಗಪ್ಪನವರು. ಕೋಲನ್ನು ಮೇಜಿಗೆ ಒರಗಿಸಿ, ಕುರ್ಚಿಯ ತೋಳು ಹಿಡಿದು, ಕೂರುವುದಕ್ಕೆಂದು ತಿರುಗಿದರು.

ಇದನ್ನು ತಾಹೇರಾ ಎಣಿಸಿರಲಿಲ್ಲ. ಹೊಂಚು ಹಾಕಿ ಕಾದದ್ದು ಒಬ್ಬನಿಗಾಗಿ, ಬೀಳುವವರು ಮತ್ತೆ ಈ ಮುದುಕರೇ ಆದರೆ ತನಗೂ ವೀರೇಶನಿಗೂ ವ್ಯತ್ಯಾಸವೇನು ಉಳಿಯಿತು? ಅವಳು ಓಡಿ ಬಂದು ಅವರ ತೋಳು ಹಿಡಿದಳು.

"ಬೇಡ ರಂಗಪ್ಪಯ್ಯ! ಮಾಡಿದವರು ಮೊದಲು ಕೂರಬೇಕು."

"ಇರ್ಲಿ ಬಿಡು ಮಾರಾಯ್ತಿ, ಕೂತ್ಕಳ್ಳಿ ಅವ್ರು" ಎಂದ ವೀರೇಶ. "ಗಿರಾಕಿ ದೇವರಿದ್ದಂಗೆ."

"ನಿಯಮ ಅಂದ್ರೆ ನಿಯಮ ವೀರೇಶಣ್ಣ. ಕಮಲಕ್ಕ ಕೂತಿಲ್ವಾ? ನಿಮಗೆ ಹೆದ್ರಿಕೆನಾ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಹೆದರಿಕೆಯ ಮಾತು ಬಂದ ಮೇಲೆ ವೀರೇಶನಿಗೆ ನಿಂತಿರಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ರಾಜನ ಗತ್ತಿನಲ್ಲಿ ಧೊಪ್ಪನೆ ಕೂತ.

ಮೊದಲು ಏನೂ ಆಗಲಿಲ್ಲ. ಅವನು ಸಭೆಯ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಚರ್ರೆಂದು ಸದ್ದಾಯಿತು. ಎರಡೂ ಬದಿಯ ಬಾಗುಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹೋದವು, ಪದರದಿಂದ ಪದರ ಬೇರಾಯಿತು. ಅವನು ಕೂತ ಭಂಗಿಯಲ್ಲೇ ಇಳಿದು ಇಳಿದು, ಕಾಲು ಮೇಲಾಗಿ ನೆಲಕ್ಕೆ ಬಿದ್ದ. ಪೆಟ್ಟೇನೂ ಆಗಲಿಲ್ಲ. ಸಭೆ ಗೊಳ್ಳೆಂದಿತು.

ತಾಹೇರಾ ನಗಲಿಲ್ಲ. ಅವಳು ಅವನ ಬಾಯಿಂದ ಬರಬೇಕಾದ ಮಾತಿಗೆ ಕಾಯುತ್ತಿದ್ದಳು. ಅದು ಬಂತು.

"ಗಮ್ಮಿಗೆ ನೀರು ಬೆರೆಸಿ ಕೊಟ್ಟಿದಾಳೆ!" ವೀರೇಶ ನೆಲದಿಂದಲೇ ಬೆರಳು ಮಾಡಿದ. "ಗಂಡ ಹೆಂಡ್ತಿ ಇಬ್ರೂ ಒಂದೇ ಜಾತಿ ಕಳ್ಳರು!"

"ಎಲ್ಲರಿಗೂ ಒಂದೇ ಡಬ್ಬಿ ಗಮ್ಮು" ಎಂದರು ಕಮಲಕ್ಕ, ಕೂತಲ್ಲಿಂದಲೇ. "ನಂದು ಎಂತಕ್ಕೆ ಬೀಳ್ಲಿಲ್ಲ ಹಂಗಾರೆ?"

ತಾಹೇರಾ ಐತನ ಕಡೆ ತಿರುಗಿದಳು. "ಐತಣ್ಣ, ಇದನ್ನ ಎಲ್ಲಿ ಒಣಗಿಸಿದ್ರಿ?"

ಐತ ಧಣಿಯ ಮುಖ ನೋಡಿದ. ವೀರೇಶನ ಕಣ್ಣಲ್ಲಿ ಎಚ್ಚರಿಕೆಯೇನೂ ಇರಲಿಲ್ಲ, ಡ್ರೈಯರಿನಲ್ಲಿ ತಪ್ಪಿದೆಯೆಂದು ಅವನಿಗೆ ಆಗಲೂ ಹೊಳೆದಿರಲಿಲ್ಲ. "ಹೇಳು ಮಾರಾಯ, ಹೆದ್ರಿಕೆ ಎಂತದು" ಎಂದು ಅವನೇ ಗದರಿದ. "ಒಣಗಿದ್ದೇನು ಕಮ್ಮಿ ಆಗಿಲ್ಲ."

"ಭಂಡಿಗಡಿ ಡ್ರೈಯರ್‌ನಾಗೆ ಅಕ್ಕ" ಎಂದ ಐತ. "ಹ್ವಾದ ಸಲಿ ಲಾಡ್ಜಿನ ಕುರ್ಚಿ ಇಟ್ಟಿದ್ವಲ್ಲ, ಹಂಗೇ. ಬೆಂಕಿ ಜೋರಾಗೇ ಹಾಕಿದ್ದೆ."

ಮರಗೆಲಸದವರ ಸಾಲಿನಲ್ಲಿ ಗುಜುಗುಜು ಎದ್ದಿತು. ರಂಗಪ್ಪನವರು ಕಿವಿಗೆ ಕೈ ಆನಿಸಿ "ಏನಂದ? ಯಾವ ಕುರ್ಚಿ?" ಎಂದರು. ಪ್ಲೈವುಡ್ಡಿನ ಅಂಚಿಗೆ ಪಟ್ಟಿ ಅಂಟಿಸಲು ಕೇಂದ್ರದಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ತಾಹೇರಾ ಪ್ಲಗ್ಗಿಗೆ ಹಾಕಿದಳು. ಕಮಲಕ್ಕನ ಕುರ್ಚಿ ಕತ್ತರಿಸುವಾಗ ಉಳಿದಿದ್ದ ಒಂದು ತುದಿಯನ್ನು ರಂಗಪ್ಪನವರ ಕೈಗೆ ಕೊಟ್ಟು "ಬಿಡಿಸಿ ನೋಡಿ" ಎಂದಳು. ಅವರು ಹಲ್ಲು ಕಚ್ಚಿ ತಿರುಚಿದರು, ಅದು ಮಿಸುಕಲಿಲ್ಲ. ಅವಳು ಆ ತುಂಡಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಳು. ಸಾಕಷ್ಟು ಕಾದ ಮೇಲೆ ಬಟ್ಟೆಯಲ್ಲಿ ಹಿಡಿದು ಮತ್ತೆ ಅವರಿಗೆ ಕೊಟ್ಟಳು. ಮೇಲಿನ ಪದರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಅವರ ಬೆರಳಿಗೆ ಬಿಟ್ಟು ಬಂತು.

ರಂಗಪ್ಪನವರು ಆ ಸಿಪ್ಪೆಯನ್ನು ನೋಡಿದರು, ನೆಲದಲ್ಲಿ ಕೂತವನನ್ನು ನೋಡಿದರು.

"ಅಲ್ಲ ಮಾರಾಯ, ಹಂಗಾರೆ ನನ್ನ ಸೊಂಟ ಮುರಿದದ್ದು ನಿನ್ನ ಡ್ರೈಯರನಾ? ಒಂದು ವರ್ಷದಿಂದ ನಾನು ಆ ಸಾಬನಿಗೆ ಶಾಪ ಹಾಕ್ತಾ ಮಲಗಿದ್ದೆನಲ್ಲ!"

ವೀರೇಶ ಏಳಲು ಹೋಗಿ, ಬಿಚ್ಚಿಕೊಂಡ ಪಟ್ಟಿಗೆ ಪಂಚೆ ಸಿಕ್ಕಿ ಮತ್ತೆ ಕುಕ್ಕರಿಸಿದ. "ನಂಗೆ ಯಾರೂ ಹೇಳಿಲ್ಲ" ಎಂದ. ಈಗ ಅವನ ಸ್ವರ ಸಣ್ಣದಾಗಿತ್ತು. "ಡ್ರೈಯರಿಗೆ ಹಾಕಬಾರ್ದು ಅಂತ ಇವಳು ನಂಗೆ ಹೇಳ್ಲೇ ಇಲ್ಲ."

"ಹೇಳಿದಾರೆ, ನಾವೆಲ್ಲ ಕೇಳಿದೀವಿ" ಎಂದು ನಾಲ್ಕಾರು ಬಾಯಿ ಒಟ್ಟಿಗೆ ಹೇಳಿದವು. "ನೀವು ಬಾಗಿಲಲ್ಲಿ ಫೋನ್ ಹಿಡ್ಕಂಡು ನಿಂತಿದ್ರಿ."

ರಂಗಪ್ಪನವರು ಹೊಸ ಅಂತಸ್ತಿನ ಕುರ್ಚಿಗಳನ್ನು ಅನ್ವರನೇ ಮಾಡಲಿ ಎಂದರು. ತಾಹೇರಾ ಕೈ ಮುಗಿದಳು. "ಅದು ಆಮೇಲೆ ರಂಗಪ್ಪಯ್ಯ. ಅವತ್ತು ನೂರಾರು ಜನರೆದುರು ಹೇಳಿದ್ದನ್ನ ವೀರೇಶಣ್ಣ ವಾಪಸ್ ತಗಳ್ಳಲಿ. ಇಲ್ಲಿ ನನ್ನ ಹತ್ರ ಅಲ್ಲ. ಬಂಕಿಗೆ ಹೋಗಿ ಅವ್ರ ಹತ್ರ ಹೇಳ್ಲಿ."

"ಹೇಳ್ತಾನೆ" ಎಂದರು ರಂಗಪ್ಪನವರು. "ನಾನೇ ಕರ್ಕಂಡು ಬರ್ತೀನಿ. ಅವನ ಅಂಗಡಿಗೆ ನಮ್ಮ ಕಡೆಯಿಂದ ಇನ್ನೊಬ್ಬ ಗಿರಾಕಿ ಬರಬೇಕೋ ಬೇಡವೋ?"

ಜನ ಕರಗಿದ ಮೇಲೆ ಕಮಲಕ್ಕ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತುತ್ತ ಮೆಲ್ಲಗೆ ಹೇಳಿದರು: "ಐತನ್ನ ಚಾ ತರಕ್ಕೆ ಕಳ್ಸಿದ್ದು ಎಂತಕ್ಕೆ ಅಂತ ಈಗ ಗೊತ್ತಾಯ್ತು."

ತಾಹೇರಾಳ ಮುಖ ಬಿಸಿಯಾಯಿತು. "ತಪ್ಪಾ ಕಮಲಕ್ಕ?"

"ವೀರೇಶನಿಗೆ ಮಾಡಿದ್ದು ತಪ್ಪಲ್ಲ. ಐತ ಎಂತ ಮಾಡಿದ್ದ? ನಾಳೆಯಿಂದ ಅವ್ನಿಗೆ ಅಲ್ಲಿ ಕೆಲಸ ಇಲ್ಲ."

ಅದು ನಾಟಿತು. ಹೊರಗೆ ಮೆಟ್ಟಿಲ ಮೇಲೆ ಐತ ಖಾಲಿ ಡಬ್ಬಿಗಳನ್ನು ಹಿಡಿದು, ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಕೂತಿದ್ದ. ತಾಹೇರಾ ಅವನ ಹತ್ತಿರ ಹೋಗಿ ನರಸಿಂಹರಾಜಪುರಕ್ಕೆ ಬಂದು ತಮ್ಮೊಡನೆ ಕೆಲಸ ಮಾಡಲು ಕರೆದಳು. ಅವನು "ನೋಡಣ ಅಕ್ಕ" ಎಂದು ಡಬ್ಬಿಗಳ ಕಡೆಗೇ ತಿರುಗಿದ. ಅವಳು ಅಷ್ಟರ ಮಟ್ಟಿಗೆ ತಲೆ ತಗ್ಗಿಸಬೇಕಾಯಿತು. ಅದಕ್ಕಿಂತ ಹೆಚ್ಚಿನ ಪಶ್ಚಾತ್ತಾಪ ಅವಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಮನೆಯಲ್ಲಿ ಅವಳು ನಡೆದದ್ದನ್ನೆಲ್ಲ ಬಿಡದೆ ಹೇಳಿದಳು. ಅನ್ವರ್ ಡ್ರೈಯರಿನ ಮಾತು ಬಂದಾಗ ಒಮ್ಮೆ ಕಣ್ಣು ಮುಚ್ಚಿಕೊಂಡ. "ಹೌದನಾ" ಎಂದ, ಅಷ್ಟೇ. ತಾಹೇರಾಳಿಗೆ ನಿದ್ದೆ ಕೆಡಿಸುವ ಭಯ ಶುರುವಾಯಿತು. ಇಷ್ಟು ಕಷ್ಟಪಟ್ಟು ಎಳೆದು ತಂದ ತಪ್ಪೊಪ್ಪಿಗೆಯನ್ನು ಈ ಮನುಷ್ಯ ನಾಳೆ "ಬಿಡಿ ವೀರೇಶಣ್ಣ" ಎಂಬ ಒಂದು ಮಾತಿನಲ್ಲಿ ಚಿಲ್ಲರೆ ಕೊಟ್ಟ ಹಾಗೆ ಕೊಟ್ಟು ಕಳಿಸಿಬಿಟ್ಟರೆ?

ಬೆಳಿಗ್ಗೆ ಅವಳು ಬಂಕಿನ ಎದುರಿನ ಬೇಕರಿ ಕಟ್ಟೆಯಲ್ಲಿ ಕೂತಳು. ಕೊಪ್ಪಕ್ಕೆ ಹೋಗುವ ಬಸ್ಸು ಡೀಸೆಲ್ ಹಾಕಿಸಿಕೊಳ್ಳುತ್ತಿತ್ತು. ಒಳಗೆ ತುಂಬ ಜನ, ಸುತ್ತ ಆಟೋ, ಸ್ಕೂಟರ್. ವೀರೇಶನ ಜೀಪು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ರಂಗಪ್ಪನವರು ಕೋಲು ಹಿಡಿದು ಕೂತಿದ್ದರು. ವೀರೇಶ ಇಳಿದು, ಎರಡೂ ಕಡೆ ನೋಡಿ, ಬಸ್ಸಿನ ಟ್ಯಾಂಕಿಗೆ ಪೈಪು ಹಿಡಿದಿದ್ದ ಅನ್ವರನ ಹತ್ತಿರ ಹೋಗಿ ಏನೋ ಗೊಣಗಿದ.

ಅನ್ವರ್ ತಿರುಗದೆಯೇ ಕೇಳಿದ: "ಎಷ್ಟು ಹಾಕ್ಲಿ?"

"ಹಾಕ್ಸಕ್ಕೆ ಬಂದದ್ದಲ್ಲ ಅನ್ವರ್. ಹೋದ ವರ್ಷದ್ದು... ನಾನು ಡ್ರೈಯರಿಗೆ ಹಾಕಿದ್ದೆ. ತಪ್ಪಾಯ್ತು."

ತಾಹೇರಾ ಕಟ್ಟೆಯಿಂದ ಅರ್ಧ ಎದ್ದಳು. ಈಗ 'ಬಿಡಿ' ಅನ್ನುತ್ತಾನೆ, ಈಗ ಅನ್ನುತ್ತಾನೆ.

ಅನ್ವರ್ ಪೈಪು ತೆಗೆದು ನಿಧಾನವಾಗಿ ತೂಗುಹಾಕಿದ. ಬಸ್ಸಿನ ಮುಂದಕ್ಕೆ ನಡೆದು ಡ್ರೈವರನ ಬಾಗಿಲು ತಟ್ಟಿದ. "ಇಂಜಿನ್ ಸ್ವಲ್ಪ ಆಫ್ ಮಾಡಿ" ಎಂದ. ಇಂಜಿನ್ ನಿಂತಿತು. ಏನಾಯಿತೆಂದು ಕಿಟಕಿಗಳಲ್ಲಿ ಮುಖಗಳು ಕಂಡವು. ಅನ್ವರ್ ವೀರೇಶನ ಎದುರಿಗೆ ಬಂದು ನಿಂತ.

"ಸದ್ದಿಗೆ ಕೇಳಿಸ್ಲಿಲ್ಲ. ಈಗ ಹೇಳಿ."

ವೀರೇಶನ ಕಿವಿ ಕೆಂಪಾದವು. "ಗಮ್ಮಿಗೆ ನೀರು ಬೆರೆಸಿರ್ಲಿಲ್ಲ" ಎಂದ.

"ಯಾರು?"

"ನೀನು."

"ನನಗೊಂದು ಹೆಸರಿತ್ತಲ್ಲ."

ವೀರೇಶ ಜೀಪಿನ ಕಡೆ ನೋಡಿದ, ರಂಗಪ್ಪನವರು ಕೋಲನ್ನು ಒಮ್ಮೆ ಕುಟ್ಟಿದರು. "ಅನ್ವರ್ ಮೇಸ್ತ್ರಿ ಗಮ್ಮಿಗೆ ನೀರು ಬೆರೆಸಿರ್ಲಿಲ್ಲ" ಎಂದು ಅವನು ಹೇಳಿದ. "ಕುರ್ಚಿ ಹಾಳು ಮಾಡಿದ್ದು ನಾನು."

"ಹಿಂದಿನ ಸೀಟಿನವ್ರಿಗೆ ಕೇಳಿರ್ಲಿಕ್ಕಿಲ್ಲ" ಎಂದ ಅನ್ವರ್, ಅದೇ ಮೆತ್ತನೆಯ ಸ್ವರದಲ್ಲಿ. "ಇನ್ನೊಂದು ಸಲ."

ತಾಹೇರಾ ಗಂಡನ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ದಿನವೂ ಬಿಟ್ಟಾಕು ಬಿಟ್ಟಾಕು ಎಂದವನು ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ವೀರೇಶ ಮತ್ತೆ ಬಾಯಿ ತೆರೆದ. ಅವಳು ಹತ್ತಬೇಕಿದ್ದ ಆ ಬಸ್ಸು ಅಲ್ಲೇ ನಿಂತಿತ್ತು, ಹೊಸ ತಂಡದ ತರಗತಿಗೆ ಹೊತ್ತಾಗುತ್ತಿತ್ತು. ಆಗಲಿ ಎಂದುಕೊಂಡು ತಾಹೇರಾ ಕಟ್ಟೆಯ ಮೇಲೆ ಇನ್ನಷ್ಟು ಸರಿಯಾಗಿ ಕೂತಳು.